ಎರಡು ಗದ್ದುಗೆ: ದೆಹಲಿಯಿಂದ ಕಲಬುರಗಿಗೆ

ದೆಹಲಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಕರೋಲ್ ಬಾಗ್ ಎಂದರೆ ಸೀರೆ, ಚಿನ್ನ, ಮದುವೆಯ ಖರೀದಿ. ಆ ಗದ್ದಲ ಮುಗಿದು ರಿಡ್ಜ್‌ನ ಜಾಲಿ ಕಾಡು ಶುರುವಾಗುವಲ್ಲಿ, ಮೆಟ್ರೋ ರೈಲಿನ ಕಿಟಕಿಯಿಂದ ಕಾಣುವ 108 ಅಡಿ ಎತ್ತರದ ಹನುಮಂತನ ಬೆನ್ನ ಹಿಂದೆ, ಭೂಲಿ ಭಟಿಯಾರಿ ಕಾ ಮಹಲ್ ಎಂಬ ಕಲ್ಲುಕಟ್ಟಡ ಪಾಳುಬಿದ್ದಿದೆ. ಫಿರೋಜ್ ಷಾ ತುಘಲಕ್ ಬೇಟೆಗೆ ಬಂದಾಗ ತಂಗಲು ಕಟ್ಟಿಸಿದ್ದು. ಈಗ ಅಲ್ಲಿಗೆ ಹೋಗುವವರು ದೆವ್ವದ ಕಥೆ ಕೇಳಿಕೊಂಡು ಹೋಗುತ್ತಾರೆ. ಆದರೆ ಆ ಗೋಡೆಗಳ ಕಾಲಕ್ಕೆ ಸೇರಿದ, ಕನ್ನಡ ನಾಡಿನವರೆಗೂ ಬಂದು ಮುಟ್ಟಿದ ಕಥೆ ಬೇರೊಂದಿದೆ.

ಫಿರೋಜ್ ಷಾ 1351ರಿಂದ 1388ರವರೆಗೆ ಆಳಿದ. ಅವನು ಈ ಗುಡ್ಡಗಳಲ್ಲಿ ಬೇಟೆಯಾಡುತ್ತಿದ್ದ ವರ್ಷಗಳಲ್ಲಿ ಅದೇ ದೆಹಲಿಯಲ್ಲಿ ಸೈಯದ್ ಮುಹಮ್ಮದ್ ಹುಸೈನಿ ಎಂಬ ಸೂಫಿ ಗುರು ಶಿಷ್ಯರನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದರು. ಎಂಬತ್ತು ಹತ್ತಿರವಾದ ಮೇಲೆ ಅವರು ಊರು ಬಿಟ್ಟು ದಕ್ಷಿಣಕ್ಕೆ ಬಂದರು. ಗೇಸೂದರಾಜ್ ಎಂದು ಪುಸ್ತಕಗಳು, ಖಾಜಾ ಬಂದೇ ನವಾಜ್ ಎಂದು ಕಲಬುರಗಿಯ ಜನ ಕರೆಯುವುದು ಅವರನ್ನೇ. ಅವರಿಗೂ ಫಿರೋಜ್ ಷಾ ಎಂಬ ಹೆಸರೇ ಇದ್ದ ಕಲಬುರಗಿಯ ಬಹಮನಿ ಸುಲ್ತಾನನಿಗೂ ನಡೆದ ತಿಕ್ಕಾಟ ಒಂದು ಸಿಂಹಾಸನವನ್ನು ಉರುಳಿಸುವ ತನಕ ಹೋಯಿತು. ಅದರ ಬೇರು ಮಾತ್ರ ದೆಹಲಿಯಲ್ಲಿತ್ತು. ಧರ್ಮದ ಮಾತನ್ನು ಯಾರು ಹೇಳಬೇಕು, ಯಾರ ಅಪ್ಪಣೆಯಿಂದ ಹೇಳಬೇಕು, ಕೇಳಲು ಸೇರಿದ ಜನ ಕೊನೆಗೆ ಯಾರ ಜನ ಎಂಬ ಜಗಳ ಅದು.

ಸೂಫಿಗಳ ಖಾನ್‌ಖಾ ನಮ್ಮ ಮಠದ ಹಾಗೆ: ಗುರುವಿನ ಮನೆಯೂ ಅದೇ, ಪಾಠಶಾಲೆಯೂ ಅದೇ, ಹಸಿದವರಿಗೆ ಅನ್ನ ಸಿಗುವ ಜಾಗವೂ ಅದೇ. ಯಮುನೆಯ ದಡದ ಗಿಯಾಸ್‌ಪುರದಲ್ಲಿ ಹಜರತ್ ನಿಜಾಮುದ್ದೀನ್ ಔಲಿಯಾ ನಡೆಸುತ್ತಿದ್ದ ಖಾನ್‌ಖಾ ಅಂಥ ಮನೆಗಳಲ್ಲೇ ದೊಡ್ಡದು. ಅವರ ಚಿಶ್ತಿ ಪಂಥಕ್ಕೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಅರಸನ ಬಾಗಿಲಿಗೆ ಹೋಗಬಾರದು. ಅವನಿಂದ ಜಮೀನು, ಜಹಗೀರು ತೆಗೆದುಕೊಳ್ಳಬಾರದು. ಅಲಾವುದ್ದೀನ್ ಖಿಲ್ಜಿ ತಾನೇ ನೋಡಲು ಬರುತ್ತೇನೆಂದು ಹೇಳಿ ಕಳಿಸಿದಾಗ, ನನ್ನ ಮನೆಗೆ ಎರಡು ಬಾಗಿಲಿವೆ, ಸುಲ್ತಾನ ಒಂದರಿಂದ ಬಂದರೆ ನಾನು ಇನ್ನೊಂದರಿಂದ ಹೊರಡುತ್ತೇನೆ ಎಂಬರ್ಥದ ಉತ್ತರ ಹೋಯಿತೆಂದು ಶಿಷ್ಯ ಪರಂಪರೆ ಹೇಳುತ್ತದೆ. ಅಲಾವುದ್ದೀನ್ ಅದನ್ನು ನುಂಗಿಕೊಂಡ. ಅವನ ಮಗ ಕುತ್ಬುದ್ದೀನ್ ಮುಬಾರಕ್ ಷಾನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಸಿಂಹಾಸನಕ್ಕಾಗಿ ಅವನು ಕೊಲ್ಲಿಸಿದ ಅಣ್ಣ ಖಿಜ್ರ್ ಖಾನ್ ನಿಜಾಮುದ್ದೀನರ ಶಿಷ್ಯ. ಹಾಗಾಗಿ ಖಾನ್‌ಖಾದಲ್ಲಿ ಸೇರುತ್ತಿದ್ದ ಜನಜಂಗುಳಿಯ ಮೇಲೆ ಅವನಿಗೆ ಮೊದಲಿನಿಂದಲೂ ಅನುಮಾನ. ತಾನು ಕಟ್ಟಿಸಿದ ಹೊಸ ಮಸೀದಿಗೆ ಶುಕ್ರವಾರದ ನಮಾಜಿಗೆ ಬರಬೇಕೆಂದ. ನಮ್ಮ ಮನೆಯ ಹತ್ತಿರದ ಮಸೀದಿಯ ಹಕ್ಕು ಹೆಚ್ಚಿನದು ಎಂಬ ಉತ್ತರ ಬಂತು. ಪ್ರತಿ ತಿಂಗಳ ಮೊದಲ ದಿನ ಆಸ್ಥಾನಕ್ಕೆ ಬಂದು ಶುಭ ಕೋರಬೇಕೆಂದ. ನಿಜಾಮುದ್ದೀನರು ಸೇವಕನೊಬ್ಬನನ್ನು ಕಳಿಸಿ ಸುಮ್ಮನಾದರು. ಮುಂದಿನ ತಿಂಗಳು ಅವರೇ ಬರದಿದ್ದರೆ ನೋಡಿಕೊಳ್ಳುತ್ತೇನೆ ಎಂದು ಸುಲ್ತಾನ ಗುಡುಗಿದ. ಆ ಗಡುವು ಬರುವ ಮೊದಲೇ, 1320ರಲ್ಲಿ, ಅವನ ನೆಚ್ಚಿನ ಖುಸ್ರೋ ಖಾನನ ಕಡೆಯವರು ಅವನನ್ನು ಅರಮನೆಯಲ್ಲೇ ಕೊಂದರು.

ಖುಸ್ರೋ ಖಾನ್ ಗದ್ದುಗೆ ಗಟ್ಟಿ ಮಾಡಿಕೊಳ್ಳಲು ದೆಹಲಿಯ ಸೂಫಿಗಳಿಗೆಲ್ಲ ಹಣ ಹಂಚಿದ. ನಿಜಾಮುದ್ದೀನರ ಪಾಲಿಗೆ ಬಂದದ್ದು ಐದು ಲಕ್ಷ ಟಂಕ. ಅವರು ಅದನ್ನು ಬಂದ ಕೈಯಲ್ಲೇ ಬಡವರಿಗೆ ಕೊಟ್ಟುಬಿಟ್ಟರು. ಖುಸ್ರೋನನ್ನು ಸೋಲಿಸಿ ಪಟ್ಟಕ್ಕೆ ಬಂದ ಗಿಯಾಸುದ್ದೀನ್ ತುಘಲಕ್ ಖಜಾನೆಯ ಹಣವನ್ನು ವಾಪಸು ಕೇಳಿದ. ಜನರ ಹಣ ಜನರಿಗೆ ಸೇರಿದೆ ಎಂಬುದು ಅವರ ಉತ್ತರ. ಅಲ್ಲಿಂದ ಜಗಳ ಉಪದೇಶದ ವಿಷಯಕ್ಕೇ ಇಳಿಯಿತು. ಖಾನ್‌ಖಾದಲ್ಲಿ ಹಾಡು ಕೇಳುತ್ತಾ ಮೈಮರೆಯುವ ಸಮಾ ಸಭೆಗಳು ಶರೀಅತ್ತಿಗೆ ವಿರುದ್ಧವೆಂದು ಉಲೇಮಾಗಳು, ಅಂದರೆ ಧರ್ಮಶಾಸ್ತ್ರದ ಪಂಡಿತರು, ದೂರಿತ್ತರು. ಸುಲ್ತಾನ ವಿದ್ವಾಂಸರ ಸಭೆ ಕರೆದು ನಿಜಾಮುದ್ದೀನರನ್ನು ವಿಚಾರಣೆಗೆ ನಿಲ್ಲಿಸಿದ. ಅರಮನೆಯ ಬಾಗಿಲು ತುಳಿಯದ ಗುರು ಆ ಒಂದು ದಿನ ಹೋದರು, ಪ್ರವಾದಿಯ ಹದೀಸುಗಳನ್ನು ಮುಂದಿಟ್ಟು ವಾದಿಸಿದರು. ಸುಲ್ತಾನನಿಗೆ ನಿಷೇಧದ ಆಜ್ಞೆ ಹೊರಡಿಸಲು ಆಗಲಿಲ್ಲ.

1325ರಲ್ಲಿ ಬಂಗಾಳದ ದಂಡಯಾತ್ರೆ ಮುಗಿಸಿ ಬರುತ್ತಿದ್ದ ಗಿಯಾಸುದ್ದೀನ್ ಅಫ್ಘಾನ್‌ಪುರದಲ್ಲಿ ಸ್ವಾಗತಕ್ಕೆಂದು ಹಾಕಿದ ಮಂಟಪ ಕುಸಿದು ಸತ್ತ. ‘ದೆಹಲಿ ಇನ್ನೂ ದೂರ’ ಎಂದು ನಿಜಾಮುದ್ದೀನರು ನುಡಿದಿದ್ದರೆಂಬ ಮಾತು ಇವತ್ತಿಗೂ ಗಾದೆಯಾಗಿ ಉಳಿದಿದೆ. ಆ ಕಾಲದಲ್ಲೇ ಬದುಕಿ ಬರೆದ ಬರನಿಯ ಚರಿತ್ರೆಯಲ್ಲಿ ಈ ಮಾತಿಲ್ಲ. ಅವನು ಸಿಡಿಲನ್ನು ದೂರುತ್ತಾನೆ. ಪ್ರವಾಸಿ ಇಬ್ನ್ ಬತೂತ ಗಿಯಾಸುದ್ದೀನನ ಮಗನ ಸಂಚು ಎನ್ನುತ್ತಾನೆ. ಗುರುವಿನ ಶಾಪದ ರೂಪ ಬಂದದ್ದು ನಂತರದ ಬರಹಗಾರರ ಕೈಯಲ್ಲಿ. ಅದೇ ವರ್ಷ ಏಪ್ರಿಲ್‌ನಲ್ಲಿ ನಿಜಾಮುದ್ದೀನರೂ ತೀರಿಕೊಂಡರು.

ಆ ಮಗ, ಹೊಸ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್‌ನ ದಾರಿ ಬೇರೆ. ಹಿಂದಿನವರು ಉಪದೇಶಕರ ಬಾಯಿ ಮುಚ್ಚಿಸಲು ನೋಡಿದ್ದರು. ಇವನು ಅವರ ಬಾಯಿಯನ್ನೇ ತನ್ನ ಕೆಲಸಕ್ಕೆ ಹಚ್ಚಲು ನೋಡಿದ. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಕ್ರೂರ. ಚೆಂಗೀಜ್ ಖಾನನ ವಂಶದವರ ಮೇಲೆ ಖುರಾಸಾನದತ್ತ ದಂಡು ಒಯ್ಯುವ ಹುಮ್ಮಸ್ಸಿನಲ್ಲಿ ದೊಡ್ಡ ಡೇರೆ ಹಾಕಿಸಿ, ಒಳಗೆ ಉಪದೇಶದ ಪೀಠವಿರಿಸಿ, ನಿಜಾಮುದ್ದೀನರ ಶಿಷ್ಯರಾದ ಫಖ್ರುದ್ದೀನ್ ಜರ್ರಾದಿ, ಶಂಸುದ್ದೀನ್ ಯಹ್ಯಾ, ನಸೀರುದ್ದೀನ್ ಮಹಮೂದರನ್ನು ಕರೆಸಿದ ಪ್ರಸಂಗವನ್ನು ಅಮೀರ್ ಖುರ್ದ್ ‘ಸಿಯರುಲ್ ಔಲಿಯಾ’ದಲ್ಲಿ ಬರೆದಿದ್ದಾನೆ. ವಿದ್ವಾಂಸರೆಂದೇ ಹೆಸರಾದ ಶಂಸುದ್ದೀನ್ ಯಹ್ಯಾ ಅವರಿಗೆ, ಇಲ್ಲಿ ಕೂತು ಏನು ಪ್ರಯೋಜನ, ಕಾಶ್ಮೀರಕ್ಕೆ ಹೋಗಿ ಅಲ್ಲಿನ ಗುಡಿಗಳಲ್ಲಿ ಕೂತು ಇಸ್ಲಾಂ ಬೋಧಿಸು ಎಂಬ ಅಪ್ಪಣೆಯಾಯಿತು. ಅವರು ಹೊರಡುವ ಮೊದಲೇ ಕಾಯಿಲೆ ಬಿದ್ದರು. ಸೇವೆಗೆ ಒಲ್ಲೆನೆಂದ ಶೇಖ್ ಶಿಹಾಬುದ್ದೀನರ ಗಡ್ಡ ಕೀಳಿಸಿ, ಕೊನೆಗೆ ಕೊಲ್ಲಿಸಿದ್ದನ್ನು ಇಬ್ನ್ ಬತೂತ ವಿವರವಾಗಿ ದಾಖಲಿಸಿದ್ದಾನೆ.

1327ರ ಸುಮಾರಿಗೆ ದೌಲತಾಬಾದನ್ನು ರಾಜಧಾನಿ ಮಾಡುವ ಅವನ ಯೋಜನೆಯೂ ಇದಕ್ಕೆ ಹೆಣೆದುಕೊಂಡೇ ಇತ್ತು. ಶಾಲೆಯ ಪುಸ್ತಕಗಳು ಅದನ್ನು ಹುಚ್ಚು ದೊರೆಯ ಹುಚ್ಚಾಟವೆಂದು ಎರಡು ಸಾಲಿನಲ್ಲಿ ಮುಗಿಸುತ್ತವೆ. ಆದರೆ ಹೊರಡಿಸಿದ್ದು ಮುಖ್ಯವಾಗಿ ದೆಹಲಿಯ ಗಣ್ಯರನ್ನು, ಉಲೇಮಾಗಳನ್ನು, ಸೂಫಿಗಳನ್ನು. ಹೊಸದಾಗಿ ಗೆದ್ದ ದಖ್ಖನ್ನಿನಲ್ಲಿ ಆಳ್ವಿಕೆ ಬೇರು ಬಿಡಬೇಕಾದರೆ ಉಪದೇಶಿಸುವವರೂ ಬೇಕೆಂದು ಸುಲ್ತಾನನಿಗೆ ಗೊತ್ತಿತ್ತು. ಹಾಗೆ ಹೋದವರಲ್ಲಿ ಬುರ್ಹಾನುದ್ದೀನ್ ಗರೀಬ್, ಕವಿ ಅಮೀರ್ ಹಸನ್ ಸಿಜ್ಜಿ ಇದ್ದರು. ಸೈಯದ್ ಯೂಸುಫ್ ಹುಸೈನಿ ಎಂಬವರೂ ಇದ್ದರು. 1321ರಲ್ಲಿ ದೆಹಲಿಯಲ್ಲಿ ಹುಟ್ಟಿದ ಅವರ ಮಗ ಮುಹಮ್ಮದ್, ಮುಂದಿನ ಗೇಸೂದರಾಜ್, ಆಗ ಏಳು ವರ್ಷದ ಹುಡುಗ. ತಂದೆ 1331ರಲ್ಲಿ ಅಲ್ಲೇ ತೀರಿಕೊಂಡರು, ಇಂದಿನ ಖುಲ್ದಾಬಾದಿನಲ್ಲಿ ಮಣ್ಣಾದರು. ನಾಲ್ಕೈದು ವರ್ಷದ ನಂತರ ತಾಯಿ ಮಕ್ಕಳನ್ನು ಕರೆದುಕೊಂಡು ದೆಹಲಿಗೆ ಮರಳಿದಳು. ಹುಡುಗ ನಸೀರುದ್ದೀನ್ ಮಹಮೂದರ, ಅಂದರೆ ‘ಚಿರಾಗ್ ದೆಹಲವಿ’ಯವರ ಪಾದ ಹಿಡಿದ. ಇಂದಿನ ದಕ್ಷಿಣ ದೆಹಲಿಯ ಚಿರಾಗ್ ದಿಲ್ಲಿ ಬಡಾವಣೆಗೆ ಆ ಗುರುವಿನದೇ ಹೆಸರು.

ಗುರು ಪಟ್ಟ ಪಾಡನ್ನು ಶಿಷ್ಯ ಕಣ್ಣಾರೆ ಕಂಡ. ಸುಲ್ತಾನ ನಸೀರುದ್ದೀನರನ್ನು ನಾನಾ ಬಗೆಯಲ್ಲಿ ಕಾಡಿದ, ಕೊನೆಗೆ ಸಿಂಧ್‌ನ ದಂಡಯಾತ್ರೆಗೂ ಎಳೆದುಕೊಂಡು ಹೋದ. 1351ರ ಮಾರ್ಚ್‌ನಲ್ಲಿ ಠಟ್ಟಾದ ಬಳಿ ಅವನು ಸತ್ತಾಗ, ದಿಕ್ಕೆಟ್ಟ ಪಾಳೆಯದಲ್ಲಿ ಫಿರೋಜ್ ಷಾನಿಗೆ ಪಟ್ಟ ಕಟ್ಟಲು ಒಪ್ಪಿಗೆ ಕೊಟ್ಟವರ ಪೈಕಿ ಅದೇ ನಸೀರುದ್ದೀನರಿದ್ದರು. ಅರಸರಿಂದ ದೂರವಿರಬೇಕೆಂಬ ವ್ರತದ ಗುರುವೇ ಅರಸನನ್ನು ಆರಿಸುವ ಹೊತ್ತಿಗೆ ನಿಲ್ಲಬೇಕಾಯಿತು. ಚಿಶ್ತಿಗಳ ಕಥೆ ಇಲ್ಲಿ ಮೊದಲ ಬಾರಿ ತಿರುಗಿತು ಎಂದು ನನಗನಿಸುತ್ತದೆ.

1356ರಲ್ಲಿ ನಸೀರುದ್ದೀನರು ಕಣ್ಣು ಮುಚ್ಚಿದಾಗ ಪರಂಪರೆಯ ನಿಲುವಂಗಿ, ಕೋಲು, ಜಪಮಾಲೆ, ಬಟ್ಟಲುಗಳನ್ನು ಯಾರ ಕೈಗೂ ಕೊಡದೆ ತಮ್ಮ ಜೊತೆಗೇ ಹೂಳಿಸಿಕೊಂಡರು. ನಿಜಾಮುದ್ದೀನರಿಂದ ಬಂದ ಆ ವಸ್ತುಗಳಿಗೆ ದೆಹಲಿಯಲ್ಲಿ ಇನ್ನು ವಾರಸುದಾರ ಇಲ್ಲ ಎಂದಂತಾಯಿತು. ಮುಹಮ್ಮದ್ ಹುಸೈನಿ ಗುರುವಿನ ದೇಹಕ್ಕೆ ಸ್ನಾನ ಮಾಡಿಸಿ, ದೇಹ ಮಲಗಿಸಿದ್ದ ಮಂಚದ ಹಗ್ಗವನ್ನೇ ಬಿಚ್ಚಿ ಕೊರಳಿಗೆ ಹಾಕಿಕೊಂಡು, ನನಗೆ ಇದೇ ಸಾಕು ಎಂದುಕೊಂಡರಂತೆ. ಮುಂದಿನ ನಾಲ್ಕು ದಶಕ ದೆಹಲಿಯಲ್ಲೇ ಪಾಠ, ಪ್ರವಚನ. ಕುರಾನ್, ಹದೀಸ್, ನ್ಯಾಯಶಾಸ್ತ್ರ, ಸೂಫಿ ಗ್ರಂಥಗಳ ಮೇಲೆ ಹಿಡಿತವಿದ್ದ, ತಾವೇ ಗ್ರಂಥ ಬರೆಯುತ್ತಿದ್ದ ಗುರು ಇವರು. ಈ ವಿಷಯದಲ್ಲಿ ಹಿಂದಿನ ಚಿಶ್ತಿ ಹಿರಿಯರಿಗಿಂತ ಬೇರೆ. ಬ್ರಾಹ್ಮಣ ಪಂಡಿತರೊಡನೆ ವಾದಿಸಲೆಂದು ಸಂಸ್ಕೃತ ಕಲಿತು ಅವರ ಪುರಾಣಗಳನ್ನು ಓದಿದ್ದಾಗಿ ‘ಜವಾಮಿ ಉಲ್ ಕಲಿಮ್’ನಲ್ಲಿ ಅವರೇ ಹೇಳಿಕೊಂಡಿದ್ದಾರೆ. ಅವರ ಮಾತುಗಳನ್ನು ಅದರಲ್ಲಿ ಬರೆದಿಟ್ಟವರು ಹಿರಿಯ ಮಗ ಅಕ್ಬರ್ ಹುಸೈನಿ.

1398ರ ಡಿಸೆಂಬರ್ 17ರಂದು ತೈಮೂರನ ಸೈನ್ಯ ದೆಹಲಿಯ ಹೊರಗೆ ತುಘಲಕ್ ಸೈನ್ಯವನ್ನು ಮುರಿಯಿತು. ಅದೇ ದಿನ ಗೇಸೂದರಾಜರು ಮನೆಮಂದಿ, ಶಿಷ್ಯರೊಡನೆ ದೆಹಲಿಯಿಂದ ಹೊರಬಿದ್ದರು. ಗ್ವಾಲಿಯರ್, ಚಂದೇರಿ, ಬರೋಡಾ, ಖಂಬಾತ್ ಎಂದು ಸುತ್ತಿ, ದೌಲತಾಬಾದಿಗೆ ಬಂದು, ಸುಮಾರು ಅರವತ್ತೈದು ವರ್ಷದ ಹಿಂದೆ ಬಿಟ್ಟುಹೋದ ತಂದೆಯ ಸಮಾಧಿಯ ಮುಂದೆ ನಿಂತರು. ಅಲ್ಲಿಗೆ ಬಹಮನಿ ಸುಲ್ತಾನನ ಆಹ್ವಾನ ಬಂತು. ಅವರು ಕಲಬುರಗಿ ತಲುಪಿದ ವರ್ಷದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. 1607ರ ಆಸುಪಾಸಿನಲ್ಲಿ ಬಿಜಾಪುರದಲ್ಲಿ ಕೂತು ಬರೆದ ಫಿರಿಶ್ತಾ 1412–13 ಎನ್ನುತ್ತಾನೆ. ಶಿಷ್ಯರ ಬರಹಗಳನ್ನು ನಂಬುವವರು 1400ರ ಸುಮಾರು ಎನ್ನುತ್ತಾರೆ. ಗೇಸೂದರಾಜರು ತೀರಿಕೊಂಡ ಐದೇ ವರ್ಷಕ್ಕೆ, 1427ರಲ್ಲಿ, ಶಿಷ್ಯ ಮುಹಮ್ಮದ್ ಅಲಿ ಸಾಮಾನಿ ಬರೆದ ‘ಸಿಯರ್–ಎ–ಮುಹಮ್ಮದಿ’ ಇರುವಾಗ ಇನ್ನೂರು ವರ್ಷ ಆಚೆಯ ಫಿರಿಶ್ತಾನಿಗಿಂತ ಅದನ್ನೇ ನೆಚ್ಚುವುದು ಸರಿ.

ಕಲಬುರಗಿಗೆ ಇಂಥ ಜಗಳ ಹೊಸದಲ್ಲ. ನೆರೆಯ ಕಲ್ಯಾಣದಲ್ಲಿ 1160ರ ದಶಕದಲ್ಲಿ ಬಿಜ್ಜಳನಿಗೂ ಶರಣರಿಗೂ ಬಿದ್ದ ಬಿರುಕು ಈ ಸೀಮೆಯ ನೆನಪಿನಲ್ಲಿ ಗಟ್ಟಿಯಾಗಿ ಕೂತಿದೆ. ಬಹಮನಿಗಳ ಕಾಲದಲ್ಲೂ ಒಂದು ಸುತ್ತು ನಡೆದಿತ್ತು. 1347ರಲ್ಲಿ ರಾಜ್ಯ ಕಟ್ಟಿದ ಅಲಾವುದ್ದೀನ್ ಹಸನ್‌ನ ಮಗ ಒಂದನೇ ಮುಹಮ್ಮದ್ ಷಾ ಎಲ್ಲ ಸೂಫಿಗಳಿಂದ ನಿಷ್ಠೆಯ ಮಾತು ಕೇಳಿದಾಗ, ದೌಲತಾಬಾದಿನ ಜೈನುದ್ದೀನ್ ಶಿರಾಜಿ, ಹೆಂಡ ಕುಡಿಯುವ ಸುಲ್ತಾನನಿಗೆ ನಿಷ್ಠೆ ಇಲ್ಲವೆಂದರು. ಊರು ಬಿಡುವ ಆಜ್ಞೆಯಾಯಿತು. ಅವರು ಬುರ್ಹಾನುದ್ದೀನ್ ಗರೀಬರ ಸಮಾಧಿಯ ಬಳಿ ಹೋಗಿ ಕೂತು, ಎಬ್ಬಿಸುವವರು ಬರಲಿ ಎಂದರು. ಸುಲ್ತಾನ ಸೋತು, ರಾಜ್ಯದ ಹೆಂಡದಂಗಡಿಗಳನ್ನು ಮುಚ್ಚಿಸಿದ. ಅದೇ ಕಾಲದಲ್ಲಿ ಕಲಬುರಗಿಯ ಶೇಖ್ ಸಿರಾಜುದ್ದೀನ್ ಜುನೈದಿ ಪಟ್ಟಕ್ಕೆ ಬಂದ ಅರಸರಿಗೆ ತಮ್ಮ ಅಂಗಿ, ಪೇಟ ಕೊಟ್ಟು ಹರಸುವ ಪದ್ಧತಿಯನ್ನೂ ಇಟ್ಟುಕೊಂಡಿದ್ದರು. ದೆಹಲಿಯಿಂದ ಕಡಿದುಕೊಂಡು ಹೊಸದಾಗಿ ಹುಟ್ಟಿದ ರಾಜ್ಯಕ್ಕೆ ತನ್ನ ಅರಸುತನ ಸಾಚಾ ಎನ್ನಲು ಗುರುವಿನ ಕೈ ಬೇಕೇಬೇಕಿತ್ತು. ಜುನೈದಿಯವರು ತೀರಿಕೊಂಡ ಮೇಲೆ ಆ ಜಾಗ ಖಾಲಿಯಿತ್ತು. ನಿಜಾಮುದ್ದೀನರ ಪರಂಪರೆಯ ಹಿರಿಯ ಗುರು ತಾನಾಗಿಯೇ ದಖ್ಖನ್ನಿಗೆ ಬಂದಾಗ ಸುಲ್ತಾನ ಆಸ್ಥಾನಿಕರ ಸಮೇತ ಎದುರುಗೊಂಡದ್ದು ಇದಕ್ಕಾಗಿ.

ಆ ಸುಲ್ತಾನ ಫಿರೋಜ್ ಷಾ ಬಹಮನಿ. ಬಹಮನಿಗಳಲ್ಲೆಲ್ಲ ನನಗೆ ಹೆಚ್ಚು ಕುತೂಹಲ ಹುಟ್ಟಿಸುವವನು ಅವನೇ. ಹಲವು ಭಾಷೆ ಬಲ್ಲವನು. ಶಿರಾಜಿನಿಂದ ಬಂದ ಮೀರ್ ಫಜ್ಲುಲ್ಲಾ ಇಂಜೂ ಅವನ ಗುರು, ಮಂತ್ರಿ ಎರಡೂ. ವಾರಕ್ಕೆ ಮೂರು ದಿನ ರೇಖಾಗಣಿತ, ತರ್ಕ ಮೊದಲಾದ ಶಾಸ್ತ್ರಗಳ ಪಾಠವನ್ನು ತಾನೇ ಹೇಳುತ್ತಿದ್ದನೆಂದು ಫಿರಿಶ್ತಾ ಬರೆಯುತ್ತಾನೆ. ದೌಲತಾಬಾದಿನ ಬಳಿ ನಕ್ಷತ್ರ ನೋಡಲು ವೇಧಶಾಲೆ ಕಟ್ಟಿಸಲು ಹೊರಟಿದ್ದ. ಜ್ಯೋತಿಷಿ ಹಸನ್ ಗೀಲಾನಿ ಸತ್ತದ್ದರಿಂದ ಕೆಲಸ ನಿಂತಿತು. ಭೀಮಾ ನದಿಯ ದಡದಲ್ಲಿ ಫಿರೋಜಾಬಾದ್ ಎಂಬ ಹೊಸ ಊರನ್ನೇ ಎಬ್ಬಿಸಿದ, ಬ್ರಾಹ್ಮಣರಿಗೆ ದೊಡ್ಡ ಹುದ್ದೆ ಕೊಟ್ಟ, ವಿಜಯನಗರದ ಒಂದನೇ ದೇವರಾಯನ ಮಗಳನ್ನು ಮದುವೆಯಾದ. ಇಂಥ ಓದಾಳಿ ಅರಸ ದೆಹಲಿಯಿಂದ ಬಂದ ಗುರುವನ್ನು ಕೋಟೆಯ ಹತ್ತಿರವೇ ಇರಿಸಿ, ಹೋಗಿ ಮಾತಾಡಿಸಿದ. ಲೌಕಿಕ ಶಾಸ್ತ್ರಗಳಲ್ಲಿ ಇವರು ಅಷ್ಟಕ್ಕಷ್ಟೇ ಎಂದುಕೊಂಡು ವಾಪಸಾದ. ಅವನ ತಮ್ಮ ಅಹ್ಮದ್ ಹಾಗಲ್ಲ. ಪಾಠಕ್ಕೆ ತಪ್ಪದೆ ಬರುತ್ತಿದ್ದ, ಸಮಾ ಸಭೆಗಳಲ್ಲಿ ಕೂರುತ್ತಿದ್ದ, ಖಾನ್‌ಖಾ ಕಟ್ಟಿಸಿಕೊಟ್ಟ. ಗುರು ಪಾಠ ಹೇಳುತ್ತಿದ್ದ ಕಡೆಯೇ ಊರಿನ ಜನವೂ ಹರಿಯತೊಡಗಿತು.

ಅಲ್ಲಿ ಏನು ಹೇಳಿಕೊಡುತ್ತಿದ್ದಾರೆ ಎಂಬ ಪ್ರಶ್ನೆ ಅರಮನೆಯಲ್ಲಿ ಎದ್ದಿತು. ಇಬ್ನ್ ಅರಬಿಯ ‘ಫುಸೂಸ್ ಅಲ್ ಹಿಕಮ್’ನಂಥ, ಉಲೇಮಾಗಳು ಹುಬ್ಬೇರಿಸುತ್ತಿದ್ದ ಗ್ರಂಥದ ಚರ್ಚೆ ನಡೆಯುತ್ತಿದೆಯೆಂದು ಸುಲ್ತಾನನ ಕಿವಿಗೆ ಬಿತ್ತು. ಶರೀಅತ್ತಿಗೆ ಒಗ್ಗದ್ದೇನಾದರೂ ಇದೆಯೇ ನೋಡಿ ಬಾ ಎಂದು ಅವನೊಬ್ಬ ಅಧಿಕಾರಿಯನ್ನು ಕಳಿಸಿದ, ನೋಡಲು ಹೋದವನು ಅಲ್ಲೇ ಶಿಷ್ಯನಾದ ಎಂಬುದು ಪಂಥದವರ ಕಥನ. ಸೋಜಿಗವೆಂದರೆ ಗೇಸೂದರಾಜರೇ ತಮ್ಮ ಬರಹಗಳಲ್ಲಿ ಇಬ್ನ್ ಅರಬಿಯ ಅದ್ವೈತದಂಥ ನಿಲುವನ್ನು ಕಟುವಾಗಿ ಟೀಕಿಸಿದವರು. ಸುಲ್ತಾನನಿಗೆ ಪಾಠದ ಸಿದ್ಧಾಂತ ನೆಪವಾಗಿತ್ತು. ಅವನನ್ನು ಕಾಡಿದ್ದು ತನ್ನ ಕೋಟೆಯ ಬಾಗಿಲಲ್ಲೇ ತನ್ನ ಅಪ್ಪಣೆ ಇಲ್ಲದೆ ಸೇರುತ್ತಿದ್ದ ಗುಂಪು. ಸುಮಾರು ನೂರೈವತ್ತು ವರ್ಷದ ನಂತರ ಇಂಗ್ಲೆಂಡಿನಲ್ಲೂ ಹೀಗೇ ಆಯಿತು. ಪಾದ್ರಿಗಳು ಸೇರಿ ಜನರೆದುರು ಬೈಬಲ್ ವ್ಯಾಖ್ಯಾನ ಮಾಡುವ ಕೂಟಗಳನ್ನು ನಿಲ್ಲಿಸಬೇಕೆಂದು ರಾಣಿ ಒಂದನೇ ಎಲಿಜಬೆತ್ ಆರ್ಚ್‌ಬಿಷಪ್ ಎಡ್ಮಂಡ್ ಗ್ರಿಂಡಲ್‌ಗೆ ಆಜ್ಞಾಪಿಸಿದಳು. 1576ರ ಡಿಸೆಂಬರ್‌ನಲ್ಲಿ ಆತ ಆಗುವುದಿಲ್ಲವೆಂದು ಕಾಗದ ಬರೆದ. ಮರುವರ್ಷ ಅಧಿಕಾರ ಕಳೆದುಕೊಂಡ, 1583ರಲ್ಲಿ ಸತ್ತ. ಕೇಳುವ ಕಿವಿಗಳ ಮೇಲೆ ಯಾರ ಒಡೆತನ ಎಂಬ ಅಂಜಿಕೆ ಲಂಡನ್, ದೆಹಲಿ, ಕಲಬುರಗಿ ಮೂರರಲ್ಲೂ ಒಂದೇ.

1415ರ ಸುಮಾರಿಗೆ ಫಿರೋಜ್ ತನ್ನ ಮಗ ಹಸನ್ ಖಾನನನ್ನು ಯುವರಾಜನನ್ನಾಗಿ ಮಾಡಿ ಗುರುವಿನ ಆಶೀರ್ವಾದ ಕೇಳಿದ. ಹಸನ್ ಭೋಗಿ, ಕೈಲಾಗದವನು ಎಂಬ ಮಾತಿತ್ತು. ನೀನು ಪಟ್ಟ ಕಟ್ಟಿದ ಮೇಲೆ ಫಕೀರನ ಹರಕೆ ಏಕೆ ಎಂದ ಗೇಸೂದರಾಜರು, ಒತ್ತಾಯ ಹೆಚ್ಚಾದಾಗ, ಗದ್ದುಗೆ ಅಹ್ಮದನಿಗೆ ಎಂದು ಮೇಲಿನಿಂದಲೇ ಬರೆದಾಗಿದೆ ಎಂದುಬಿಟ್ಟರೆಂದು ಫಿರಿಶ್ತಾ ಹೇಳುತ್ತಾನೆ. ಸುಲ್ತಾನ ಸಿಡಿದ. ಆದರೆ ಬಹಿರಂಗವಾಗಿ ಕೊಟ್ಟ ಕಾರಣ ಬೇರೆ: ಖಾನ್‌ಖಾದಲ್ಲಿ ಸೇರುವ ಜನರ ಗದ್ದಲ ಕೋಟೆಗೆ ತೊಂದರೆ ಕೊಡುತ್ತಿದೆ, ಜಾಗ ಖಾಲಿ ಮಾಡಬೇಕು. ಗುರು ಎದುರಾಡಲಿಲ್ಲ. ಊರಾಚೆಗೆ ಹೋಗಿ ಗುಡಿಸಲಿನಂಥ ಮನೆ ಹಾಕಿಕೊಂಡರು. ಇಂದು ದರ್ಗಾ ಇರುವುದು ಅದೇ ಜಾಗದಲ್ಲಿ. ದೂರ ತಳ್ಳಿದ್ದರಿಂದ ಸುಲ್ತಾನನಿಗೆ ಲಾಭವಾಗಲಿಲ್ಲ. ಕೋಟೆಯ ಕಾವಲಿನ ಕಣ್ಣಳತೆಯಿಂದ ಆಚೆಗೆ ಖಾನ್‌ಖಾ ಹೋಯಿತು, ಜನ ಅಲ್ಲಿಗೂ ಹೋದರು.

ಫಿರೋಜನ ಕೊನೆಯ ವರ್ಷಗಳು ಕೆಟ್ಟವು. ಪಾನಗಲ್ಲು ಕೋಟೆಯ ಮುತ್ತಿಗೆ ಎರಡು ವರ್ಷ ಎಳೆಯಿತು, ಪಾಳೆಯದಲ್ಲಿ ರೋಗ ಹರಡಿತು, ವಿಜಯನಗರದ ಸೈನ್ಯ ಬಹಮನಿಗಳನ್ನು ಚಿಂದಿ ಮಾಡಿತು. ಮೀರ್ ಫಜ್ಲುಲ್ಲಾ ಅಲ್ಲೇ ಸತ್ತ. ಸೋತು ಜಡ್ಡಾದ ಸುಲ್ತಾನ ಆಡಳಿತವನ್ನು ಹುಷಿಯಾರ್, ಬೀದರ್ ಎಂಬ ಇಬ್ಬರು ಗುಲಾಮ ಅಧಿಕಾರಿಗಳ ಕೈಗೆ ಬಿಟ್ಟ. ಹಸನನಿಗೆ ದಾರಿ ಸುಗಮವಾಗಬೇಕಾದರೆ ಅಹ್ಮದನ ಕಣ್ಣು ಕೀಳಿಸಬೇಕೆಂದು ಅವರು ಕಿವಿಯೂದಿದರು. ಸುದ್ದಿ ಅಹ್ಮದನಿಗೆ ಮುಟ್ಟಿತು. ಓಡಿಹೋಗುವ ಮುನ್ನ ಅವನು ಮಗ ಅಲಾವುದ್ದೀನನನ್ನು ಕರೆದುಕೊಂಡು ಗುರುವಿನ ಬಳಿ ಹೋದ. ನೂರು ದಾಟಿದ ಗೇಸೂದರಾಜರು ತಮ್ಮ ಪೇಟವನ್ನು ಬಿಚ್ಚಿ ಎರಡು ತುಂಡು ಮಾಡಿ ತಂದೆಗೊಂದು, ಮಗನಿಗೊಂದು ಸುತ್ತಿ, ಇಬ್ಬರೂ ಅರಸರಾಗುವಿರೆಂದು ಹರಸಿದರು.

ಬೆಳಗಾಗುವ ಮೊದಲೇ ಹೊರಟ ಅಹ್ಮದನಿಗೆ ಜೊತೆಯಾದವನು ಖಲಫ್ ಹಸನ್ ಎಂಬ ಬಸ್ರಾದ ವ್ಯಾಪಾರಿ. ಸೈನ್ಯ ಸಣ್ಣದು. ದಾರಿಯಲ್ಲಿ ಸಿಕ್ಕ ಬಂಜಾರರ ಎರಡು ಸಾವಿರ ಎತ್ತುಗಳನ್ನು ಕೊಂಡು, ಬಣ್ಣದ ಬಾವುಟ ಕಟ್ಟಿ, ದೂರದಿಂದ ದಂಡಿನ ಹಾಗೆ ಕಾಣಿಸುವಂತೆ ಖಲಫ್ ಹಸನ್ ಹೂಡಿದ ಉಪಾಯಕ್ಕೆ ಸುಲ್ತಾನನ ಸೈನ್ಯ ಬೆಚ್ಚಿ ಚದುರಿತು. 1422ರ ಸೆಪ್ಟೆಂಬರ್‌ನಲ್ಲಿ ಅಹ್ಮದ್ ಕಲಬುರಗಿಯ ಕೋಟೆ ಹೊಕ್ಕ. ಹಾಸಿಗೆ ಹಿಡಿದಿದ್ದ ಅಣ್ಣ ತಾನೇ ಗದ್ದುಗೆ ಬಿಟ್ಟುಕೊಟ್ಟು, ಮಗನನ್ನು ನೋಡಿಕೋ ಎಂದನೆಂದು ಒಂದು ಕಥೆ. ಕೆಲವೇ ದಿನದಲ್ಲಿ ಅವನು ಸತ್ತದ್ದು ಸಹಜವಲ್ಲ, ಕೊಲೆ ಎಂದು ಇನ್ನೊಂದು. ಅದೇ ವರ್ಷ ನವೆಂಬರ್ 1ರಂದು, ತಾವು ಹರಸಿದ ಅರಸ ಪಟ್ಟಕ್ಕೆ ಬಂದ ಆರೇ ವಾರದಲ್ಲಿ, ಗೇಸೂದರಾಜರೂ ತೀರಿಕೊಂಡರು.

ಗುರು ನಿಜಕ್ಕೂ ಅರಸನನ್ನು ಮಾಡಿದರೇ? ಇಲ್ಲಿ ಇತಿಹಾಸಕಾರರ ನಡುವೆ ಹಳೆಯ ವಾದವಿದೆ. ಖಲೀಕ್ ಅಹ್ಮದ್ ನಿಜಾಮಿ ಚಿಶ್ತಿ ಗುರುಗಳು ಅರಸೊತ್ತಿಗೆಯಿಂದ ದೂರ ನಿಂತದ್ದನ್ನೇ ಅವರ ತಿರುಳೆಂದು ಕಂಡರು. ಸೈಮನ್ ಡಿಗ್ಬಿ ಅದನ್ನು ತಿರುಗಿಸಿ, ಶೇಖನೂ ಸುಲ್ತಾನನೂ ಒಂದೇ ನೆಲದ ಮೇಲೆ, ಒಂದೇ ಜನರ ಮೇಲೆ ಒಡೆತನ ಹೇಳುತ್ತಿದ್ದರು, ತಿಕ್ಕಾಟ ಆಕಸ್ಮಿಕವಲ್ಲ ಎಂದರು. ರಿಚರ್ಡ್ ಈಟನ್ ಗೇಸೂದರಾಜರನ್ನು ದಖ್ಖನ್ನಿಗೆ ತನ್ನದೇ ಪುಣ್ಯಕ್ಷೇತ್ರ ಕೊಟ್ಟವರೆಂದು ನೋಡುತ್ತಾರೆ. ಪೇಟದ ಪ್ರಸಂಗ ಅಹ್ಮದ್ ಗೆದ್ದ ಮೇಲೆ ಬಣ್ಣ ಕಟ್ಟಿಕೊಂಡಿರಬಹುದು. ಅಣ್ಣನಿಂದ ಗದ್ದುಗೆ ಕಿತ್ತುಕೊಂಡವನಿಗೆ ಅಂಥ ಕಥೆ ಬೇಕಾಗಿತ್ತು. ಆದರೂ ಡಿಗ್ಬಿಯವರ ಮಾತೇ ನನಗೆ ಹತ್ತಿರ. ಗಿಯಾಸ್‌ಪುರದಲ್ಲಿ ನಿಜಾಮುದ್ದೀನರ ಬಲವೆಲ್ಲ ಬಾಗಿಲು ಮುಚ್ಚುವುದರಲ್ಲಿತ್ತು. ಅರಸನಿಂದ ಏನನ್ನೂ ತೆಗೆದುಕೊಳ್ಳದವರನ್ನು ಅರಸ ಏನೂ ಮಾಡಲಾರ. ಮೂರನೇ ತಲೆಮಾರಿನಲ್ಲಿ ಅದೇ ಪರಂಪರೆಯ ಗುರು ಕಲಬುರಗಿಯಲ್ಲಿ ಆ ಬಾಗಿಲನ್ನು ರಾಜಕುಮಾರನೊಬ್ಬನಿಗೆ ತೆರೆದರು, ಗೆದ್ದರು. ಗೆದ್ದ ಪಕ್ಷದವರೂ ಆದರು.

ಅದರ ಬೆಲೆ ಬೇಗ ಗೊತ್ತಾಯಿತು. ಅಹ್ಮದ್ ಷಾ ಖಾನ್‌ಖಾಕ್ಕೆ ಹಳ್ಳಿಗಳನ್ನು ಉಂಬಳಿ ಬಿಟ್ಟ. ನಿಜಾಮುದ್ದೀನರು ಮುಟ್ಟದಿದ್ದ ಜಮೀನಿನ ಹುಟ್ಟುವಳಿ ಈಗ ಕಿರಿಯ ಮಗ ಅಸ್ಗರ್ ಹುಸೈನಿಯ ಪೀಳಿಗೆಗೆ ಸೇರಿತು. ಸಮಾಧಿಯ ಮೇಲೆ ದೊಡ್ಡ ಗುಮ್ಮಟ ಎದ್ದಿತು. ಅತ್ತ ಸುಲ್ತಾನ ರಾಜಧಾನಿಯನ್ನು ಬೀದರಿಗೆ ಸಾಗಿಸಿದ. ಅಣ್ಣನನ್ನು ಕಾಡಿದ ಗುರುಪೀಠದ ನೆರಳಿನಿಂದ ಆಚೆ ಹೋಗುವ ಆಸೆಯೂ ಅದರಲ್ಲಿ ಇದ್ದಿರಬೇಕು. ಬೀದರ್ ಸೇರಿದ ಮೇಲೆ ಅವನು ಇರಾನಿನ ಕಿರ್ಮಾನ್ ಕಡೆಯ ಪ್ರಸಿದ್ಧ ಗುರು ಷಾ ನಿಯಾಮತುಲ್ಲಾರಿಗೆ ನಿಯೋಗ ಕಳಿಸಿದ. ಅವರು ಬರಲಿಲ್ಲ, ಮೊಮ್ಮಗ ನೂರುಲ್ಲಾರನ್ನು ಕಳಿಸಿದರು. ಅಹ್ಮದ್ ಅವರಿಗೆ ಮಗಳನ್ನು ಕೊಟ್ಟು, ಆಸ್ಥಾನದಲ್ಲಿ ಗೇಸೂದರಾಜರ ಮತ್ತು ಜುನೈದಿಯವರ ವಂಶಸ್ಥರಿಗಿಂತ ಮೇಲಿನ ಆಸನ ಕೊಟ್ಟ. ಹತ್ತಿರ ಕರೆದ ಅರಸ ಕೆಳಗೆ ಕೂರಿಸಲೂ ಬಲ್ಲ ಎಂಬುದನ್ನು ಕಲಬುರಗಿಯವರು ಒಂದೇ ದಶಕದಲ್ಲಿ ನೋಡಿದರು.

ಇರಾನಿನಿಂದ ಬಂದವರಿಗೆ ಸಿಕ್ಕ ಈ ಮೇಲ್ಗೈ ಗುರುಗಳ ಸಾಲಿಗಷ್ಟೇ ನಿಲ್ಲಲಿಲ್ಲ. ಸೈನ್ಯ, ಕಚೇರಿಗಳಲ್ಲೂ ಹೊಸಬರಾದ ಆಫಾಕಿಗಳು ಒಂದು ಕಡೆ, ದಖ್ಖನಿಗಳು ಒಂದು ಕಡೆ ಎಂದು ಪಕ್ಷಗಳಾದವು. ಖಲಫ್ ಹಸನ್ ಮಲಿಕ್–ಉತ್–ತುಜ್ಜಾರ್ ಎಂಬ ಬಿರುದು ಪಡೆದು ಆಫಾಕಿಗಳ ಮುಂದಾಳಾದ. ಚಾಕಣದಲ್ಲಿ ನಡೆದ ಆಫಾಕಿಗಳ ಕಗ್ಗೊಲೆ, 1481ರಲ್ಲಿ ಮಂತ್ರಿ ಮಹಮೂದ್ ಗವಾನನ ತಲೆ ಹೋದದ್ದು, ಕೊನೆಗೆ ರಾಜ್ಯ ಐದು ಚೂರಾದದ್ದು, ಎಲ್ಲದರ ಹಿಂದೆ ಈ ಒಡಕಿದೆ.

ಕಲಬುರಗಿಯ ದರ್ಗಾ ಮಾತ್ರ ಅರಮನೆಯ ಕೃಪೆಗೆ ಕಾಯಲಿಲ್ಲ. ಸುಲ್ತಾನರು ಬೀದರಿಗೆ ಹೋದರೂ ಜನ ಹೋಗಲಿಲ್ಲ. ಜಿಲ್‌ಕಾದ್ ತಿಂಗಳ ನಡುವೆ ನಡೆಯುವ ಉರುಸಿಗೆ ಹಿಂದೂ, ಮುಸ್ಲಿಂ ಎನ್ನದೆ ಸುತ್ತಲ ಜಿಲ್ಲೆಗಳವರು ಈಗಲೂ ಸೇರುತ್ತಾರೆ. ಗೇಸೂದರಾಜರ ಹೆಸರಿನಲ್ಲಿ ಓಡಾಡುವ ದಖ್ಖನಿ ಗದ್ಯಕೃತಿ ‘ಮೆರಾಜುಲ್ ಆಶಿಕೀನ್’ ಅವರದ್ದಲ್ಲ, ಬಹಳ ನಂತರದ್ದು ಎಂದು ಸಂಶೋಧಕರು ತೋರಿಸಿದ್ದಾರೆ. ದಖ್ಖನಿ ಭಾಷೆಯವರು ತಮ್ಮ ಮೊದಲ ಗ್ರಂಥವನ್ನು ಅವರ ಹೆಸರಿಗೆ ಬರೆದುಕೊಂಡರೆಂದರೆ ಈ ನೆಲ ಅವರನ್ನು ಎಷ್ಟು ತನ್ನವರಾಗಿ ಮಾಡಿಕೊಂಡಿತ್ತು ಎಂದು ಊಹಿಸಬಹುದು.

ಅಹ್ಮದ್ ಷಾ 1436ರಲ್ಲಿ ತೀರಿಕೊಂಡ. ಬರಗಾಲದ ವರ್ಷ ಗುಡ್ಡ ಹತ್ತಿ ಪ್ರಾರ್ಥಿಸಿ ಮಳೆ ತರಿಸಿದನೆಂದು ಜನ ಅವನಿಗೆ ವಲಿ, ಅಂದರೆ ಸಂತ, ಎಂಬ ಹೆಸರಿಟ್ಟರು. ಬೀದರಿನ ಅಷ್ಟೂರಿನಲ್ಲಿರುವ ಅವನ ಗೋರಿಯಲ್ಲಿ ಗುರು ಪರಂಪರೆಗಳ ಹೆಸರುಗಳನ್ನೂ ಷಾ ನಿಯಾಮತುಲ್ಲಾರ ಪದ್ಯಗಳನ್ನೂ ಬಣ್ಣದಲ್ಲಿ ಬರೆಯಲಾಗಿದೆ. ಅಲ್ಲಿ ವರ್ಷಕ್ಕೊಮ್ಮೆ ನಡೆಯುವ ಜಾತ್ರೆಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಲಿಂಗಾಯತ ಜಂಗಮರು ಬಂದು ಪೂಜೆ ಸಲ್ಲಿಸುತ್ತಾರೆ. ಅವರ ಪಾಲಿಗೆ ಆ ಸುಲ್ತಾನ ಅಲ್ಲಮಪ್ರಭು. ಆಶೀರ್ವಾದಕ್ಕಾಗಿ ಗುರುವಿನ ಮುಂದೆ ತಲೆಬಾಗಿದ್ದ ಅರಸನೇ ಜನರ ಬಾಯಲ್ಲಿ ಗುರುವಾದ.